ಗುರುತಿನ ಕಳವು ಮತ್ತು ಅದರ ತಡೆ: ಹಾಸನ ಸೀಮೆಯ ಹಿನ್ನೆಲೆಯಲ್ಲಿ

ಗುರುತಿನ ಕಳವೆಂದರೆ ಇನ್ನೊಬ್ಬರ ಹೆಸರು, ಸಹಿ, ಹೆಬ್ಬೆಟ್ಟು, ಆಧಾರ್ ಸಂಖ್ಯೆ, ಸಿಮ್ ಮೊದಲಾದವನ್ನು ಅವರಿಗೆ ತಿಳಿಯದಂತೆ ಬಳಸಿಕೊಂಡು ಜಮೀನು, ಹಣ, ಸಾಲ ಅಥವಾ ಸರ್ಕಾರಿ ಸವಲತ್ತು ಲಪಟಾಯಿಸುವ ಅಪರಾಧ. ಇದು ಕಂಪ್ಯೂಟರಿನ ಜೊತೆ ಬಂದ ಪೀಡೆಯೆಂಬ ನಂಬಿಕೆ ಬಲವಾಗಿದೆ, ಆದರೆ ಅದು ಸರಿಯಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಬೇಸಾಯದ ತಾಲ್ಲೂಕುಗಳಲ್ಲಿ ಇದರ ಚರಿತ್ರೆ ಬಹುಪಾಲು ಜಮೀನಿನ ಕಾಗದಪತ್ರದ ಚರಿತ್ರೆಯೇ ಆಗಿದೆ.

ಕಾಗದಕ್ಕೂ ಮುಂಚೆ ತಾಮ್ರಪಟ ಇತ್ತು. ರಾಜನ ಹೆಸರಿನಲ್ಲಿ ಖೊಟ್ಟಿ ದಾನಶಾಸನ ಬರೆಸಿ ಭೂಮಿಯ ಹಕ್ಕು ಸ್ಥಾಪಿಸಿಕೊಳ್ಳುವುದು ಹಳೆಯ ಕಸುಬು. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೃತಕವೆಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರು, ಅದನ್ನು ಒಪ್ಪದ ಬಿ.ಎಲ್. ರೈಸ್ ಅವರೊಡನೆ ಈ ವಿಷಯದಲ್ಲಿ ದೀರ್ಘ ವಿವಾದ ನಡೆಯಿತು. ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿದವರು ಇದೇ ರೈಸ್. ಖೊಟ್ಟಿಯನ್ನು ತಡೆಯಲು ಅರಸರಿಗಿದ್ದ ಉಪಾಯಗಳು ಮುದ್ರೆ, ಸಾಕ್ಷಿ, ಶಾಪ ಮತ್ತು ಒಪ್ಪ, ಅಂದರೆ ಸಹಿ. ವಿಜಯನಗರದ ಅರಸರ ಶಾಸನ ನಾಗರಿ ಲಿಪಿಯಲ್ಲಿದ್ದರೂ ಕೊನೆಯ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಕನ್ನಡ ಅಕ್ಷರದಲ್ಲಿರುತ್ತಿತ್ತು.

ಹಳ್ಳಿಯ ಮಟ್ಟದಲ್ಲಿ ಗುರುತಿಗೆ ಆಧಾರವಾಗಿದ್ದವರು ಶಾನುಭೋಗರು ಮತ್ತು ಪಟೇಲರು. ಯಾವ ಹೊಲ ಯಾರದು, ಯಾರ ಮಗ ಯಾರು, ಯಾರು ಸತ್ತರು ಎಂಬುದೆಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಅಂಥ ಊರಿನಲ್ಲಿ ಬೇರೆಯವನಂತೆ ನಟಿಸುವುದು ಕಷ್ಟ. ಆದರೆ ಶಾನುಭೋಗರೇ ಕೈ ಬದಲಿಸಿದರೆ ಕೇಳುವವರಿರಲಿಲ್ಲ. ಈ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ಅವರ ಜಾಗಕ್ಕೆ ಬಂದ ಗ್ರಾಮ ಲೆಕ್ಕಿಗರು ವರ್ಗವಾಗಿ ಹೋಗುವ ನೌಕರರು. ಆಮೇಲೆ ಮುಖಪರಿಚಯದ ಕೆಲಸ ದಾಖಲೆಯ ಮೇಲೆ ಬಿತ್ತು.

ಕಾನೂನು ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. 1860ರ ಭಾರತೀಯ ದಂಡ ಸಂಹಿತೆಯ 416ನೇ ಕಲಂ ಬೇರೊಬ್ಬನೆಂದು ನಟಿಸಿ ವಂಚಿಸುವುದನ್ನು ಅಪರಾಧವೆಂದಿತು. ಸತ್ತುಹೋದವನ ಹೆಸರು ಹೇಳಿಕೊಂಡು ಮೋಸ ಮಾಡುವುದನ್ನೇ 2024ರವರೆಗೆ ಜಾರಿಯಲ್ಲಿದ್ದ ಆ ಸಂಹಿತೆ ಉದಾಹರಣೆಯಾಗಿ ಕೊಟ್ಟಿತ್ತು. 1908ರ ನೋಂದಣಿ ಕಾಯಿದೆಯ 82ನೇ ಕಲಂ ಪ್ರಕಾರ ಸಬ್ ರಿಜಿಸ್ಟ್ರಾರ್ ಎದುರು ಮತ್ತೊಬ್ಬರಂತೆ ನಿಂತು ಪತ್ರ ಬರೆದುಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು. ಕ್ರಯಪತ್ರದ ಕೊನೆಯಲ್ಲಿ ಬರೆದುಕೊಟ್ಟವರ ರುಜು, ಸಾಕ್ಷಿಗಳು, ಪತ್ರ ಬರೆದ ಲಿಪಿಕಾರರ ಬಿಕ್ಕಲಂ. ಜೊತೆಗೆ ಕಚೇರಿಯಲ್ಲಿ ‘ಇವರನ್ನು ನಾನು ಬಲ್ಲೆ’ ಎಂದು ಗುರುತಿಸುವ ಇಬ್ಬರು. ವ್ಯವಸ್ಥೆಯ ದುರ್ಬಲ ಕೊಂಡಿ ಈ ಗುರುತಿಸುವವರೇ: ಪರಿಚಯವೇ ಇಲ್ಲದವರೂ ಕಾಫಿ ಖರ್ಚಿಗೆ ಸಾಕ್ಷಿ ಹಾಕುವುದುಂಟು.

ಹೆಬ್ಬೆಟ್ಟಿನ ಕಥೆಯಲ್ಲಿ ಒಂದು ವಿಚಿತ್ರವಿದೆ. ಬೆರಳಚ್ಚನ್ನು ಆಡಳಿತಕ್ಕೆ ತಂದದ್ದು ಮೊದಲಿಗೆ ಕೊಲೆಗಾರರನ್ನು ಹಿಡಿಯಲಿಕ್ಕಲ್ಲ, ಗುರುತಿನ ಕಳವು ತಡೆಯಲಿಕ್ಕೆ. ಬಂಗಾಳದ ಜಂಗೀಪುರದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ 1858ರಲ್ಲಿ ಒಬ್ಬ ಗುತ್ತಿಗೆದಾರನ ಇಡೀ ಅಂಗೈಯ ಅಚ್ಚನ್ನು ಕರಾರಿನ ಮೇಲೆ ಒತ್ತಿಸಿದ. 1877ರಲ್ಲಿ ಹೂಗ್ಲಿಯಲ್ಲಿ ಅದನ್ನು ಪಿಂಚಣಿದಾರರಿಗೂ ಪತ್ರ ನೋಂದಣಿಗೂ ವಿಸ್ತರಿಸಿದ. ಸತ್ತವರ ಪಿಂಚಣಿಯನ್ನು ಬೇರೆಯವರು ಎತ್ತಿಕೊಳ್ಳದಂತೆ ನೋಡುವುದು ಅವನ ಉದ್ದೇಶಗಳಲ್ಲೊಂದು. 2001ರ ತಿದ್ದುಪಡಿಯಿಂದ ನೋಂದಣಿ ಕಾಯಿದೆಗೆ 32ಎ ಕಲಂ ಸೇರಿ, ಪ್ರತಿ ಪತ್ರಕ್ಕೂ ಭಾವಚಿತ್ರ ಮತ್ತು ಬೆರಳಚ್ಚು ಕಡ್ಡಾಯವಾಯಿತು.

ಹಾಸನ ಜಿಲ್ಲೆಗೆ ಸ್ವಂತದ್ದೊಂದು ಅಧ್ಯಾಯವೂ ಇದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ಮುಳುಗಡೆಯಾದ ಊರುಗಳ ಜನರಿಗೆ ಬೇರೆಡೆ ಭೂಮಿ ಕೊಡಬೇಕಾಯಿತು. ‘ಮುಳುಗಡೆ ಸಂತ್ರಸ್ತ’ ಎಂಬುದೇ ಬೆಲೆಬಾಳುವ ಗುರುತಾಯಿತು. ಸಂತ್ರಸ್ತರಲ್ಲದವರಿಗೆ ಖೊಟ್ಟಿ ದಾಖಲೆಗಳ ಮೇಲೆ ಜಮೀನು ಮಂಜೂರಾಗಿದೆ ಎಂಬ ದೂರುಗಳು ಬಂದು, ದಶಕಗಳ ನಂತರವೂ ತನಿಖೆಗಳು ನಡೆದವು. ಮನೆ ಮುಳುಗಿದವರ ಹೆಸರಿನ ಹಕ್ಕನ್ನೂ ಬಿಡದ ಈ ಬಗೆಯ ಕಳವಿಗೆ ಕಂಪ್ಯೂಟರಿನ ಹಂಗೇ ಬೇಕಿರಲಿಲ್ಲ.

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಬಂದ ಮೇಲೆ ಕೈಬರಹದ ಪಹಣಿ ನಿಂತಿತು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಪಹಣಿಯೇ ಕಾನೂನುಬದ್ಧ ದಾಖಲೆ. ತಿದ್ದುವ ನೌಕರನೂ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಆದರೂ ಒಂದು ಬಿರುಕು ಉಳಿಯಿತು: ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ಅವನ ಹೆಸರಿನಲ್ಲೇ. ಸತ್ತವನ ಹೆಸರಿನ ಮೋಸವೆಂಬ 1860ರ ಸಂಹಿತೆಯ ಉದಾಹರಣೆಗೆ ಇದಕ್ಕಿಂತ ಅನುಕೂಲದ ನೆಲವಿಲ್ಲ. ಕಂದಾಯ ಇಲಾಖೆ 2024ರಿಂದ ಪಹಣಿಗೆ ಆಧಾರ್ ಜೋಡಿಸುವುದಕ್ಕೂ, ಬಳಿಕ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಂದೋಲನಕ್ಕೂ ಕೈಹಾಕಿದ್ದು ಇದೇ ಬಿರುಕನ್ನು ಮುಚ್ಚಲು.

ಕರ್ನಾಟಕದಲ್ಲಿ ಆಧಾರ್ ನೋಂದಣಿ 2010ರಲ್ಲಿ ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ ಮೊದಲಾಯಿತು. ಬೋಗಸ್ ರೇಷನ್ ಕಾರ್ಡ್, ಬೋಗಸ್ ಫಲಾನುಭವಿಗಳನ್ನು ಹೊರಹಾಕುವುದು ಅದರ ಸಮರ್ಥನೆ. ಅದನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರೂ ಕನ್ನಡಿಗರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ಆಗಸ್ಟ್ 24ರ ತೀರ್ಪು ಅವರ ಹೆಸರಿನಲ್ಲೇ ಇದೆ.

ಖಾಸಗಿತನದ ಬಗ್ಗೆ ಅವರಿಗಿದ್ದ ಆತಂಕ ಎಂಥದ್ದೆಂದು 2023ರಲ್ಲಿ ಜನರಿಗೆ ಮನೆಬಾಗಿಲಲ್ಲೇ ತಿಳಿಯಿತು. ನೋಂದಣಿ ಇಲಾಖೆಯ ‘ಕಾವೇರಿ 2.0’ ಜಾಲತಾಣದಿಂದ ಕ್ರಯಪತ್ರಗಳ ಪ್ರತಿ ಇಳಿಸಿಕೊಂಡ ಕಳ್ಳರಿಗೆ ಆಧಾರ್ ಸಂಖ್ಯೆ, ಬೆರಳಚ್ಚು ಎರಡೂ ಒಂದೇ ಕಡೆ ಸಿಕ್ಕವು. ಅಚ್ಚನ್ನು ಬಟರ್ ಪೇಪರಿಗೆ ಇಳಿಸಿ, ಸಿಲಿಕೋನ್‌ನಲ್ಲಿ ಬೆರಳಿನ ಪಡಿಯಚ್ಚು ಎರಕ ಹೊಯ್ದು, ಬ್ಯಾಂಕ್ ಮಿತ್ರರ ಬಳಿ ಇರುವಂಥ ಮೈಕ್ರೊ ಎಟಿಎಂ ಯಂತ್ರದ ಮೇಲೆ ಒತ್ತಿದರೆ ಸಾಕಾಗಿತ್ತು. ಒಟಿಪಿ ಕೇಳುವುದಿಲ್ಲ, ಪಿನ್ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ಬರುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಾಯಿಸಿದವರ ಖಾತೆಗಳಿಂದ ಹೀಗೆ ಹಣ ಹೋಯಿತು. ಮಂಗಳೂರು ಪೊಲೀಸರು ಬಿಹಾರದ ಆರೋಪಿಗಳನ್ನು ಬಂಧಿಸಿದರು. ಆನಂತರ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಬಂತು. ಕಳವು ತಡೆಯಲೆಂದು ಹರ್ಷೆಲ್ ಒತ್ತಿಸಿದ ಹೆಬ್ಬೆಟ್ಟೇ ಕಳವಿನ ವಸ್ತುವಾದದ್ದು ಈ ಚರಿತ್ರೆಯ ಮುಖ್ಯ ತಿರುವು. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನಲ್ಲ.

ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿ ತಂದ 66ಸಿ ಕಲಂ ಗುರುತಿನ ಕಳವಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ರಾಜ್ಯದ ಮೊದಲ ಸೈಬರ್ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮುಂದೆ ಹಾಸನವೂ ಸೇರಿ ಜಿಲ್ಲೆಗೊಂದು ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧಗಳ) ಠಾಣೆ ಬಂತು.

ನಾಗರಿಕರ ಕೈಲಿರುವ ರಕ್ಷಣೆಗಳಲ್ಲಿ ಪರಿಣಾಮಕಾರಿಯಾದದ್ದು ಆಧಾರ್ ಬಯೋಮೆಟ್ರಿಕ್ ಲಾಕ್. ಆಧಾರ್ ಆ್ಯಪಿನಲ್ಲಿ ಹಾಕಿ, ಬೇಕಾದಾಗ ತೆಗೆದುಕೊಳ್ಳಬಹುದು. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕಷ್ಟೆ. ಜೆರಾಕ್ಸ್ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡುವುದು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ‘ಸಂಚಾರ್ ಸಾಥಿ’ಯಲ್ಲಿ ನೋಡುವುದು ಉಳಿದ ಕ್ರಮಗಳು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆಮಾಡಿ ಬ್ಯಾಂಕಿಗೂ ಬರೆದುಕೊಡಬೇಕು. ಗ್ರಾಹಕರ ತಪ್ಪಿಲ್ಲದೆ ಹೊರಗಿನವರು ಎಸಗಿದ ವಂಚನೆಯನ್ನು, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟ ಗ್ರಾಹಕರದಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತು. ಎಸ್‌ಎಂಎಸ್ ಓದದ ಹಿರಿಯರಿರುವ ಮನೆಯವರು ಅವರ ಫೋನನ್ನು ದಿನಕ್ಕೊಮ್ಮೆ ನೋಡಲಿ, ಪಾಸ್‌ಬುಕ್ ಎಂಟ್ರಿಯನ್ನು ತಿಂಗಳು ತಪ್ಪದೆ ಮಾಡಿಸಲಿ.