ಕಾಲುಪೆಟ್ಟಿಗೆಯಿಂದ ಕೀಬೋರ್ಡಿಗೆ

ನಮ್ಮ ದೊಡ್ಡಬಳ್ಳಾಪುರದ ಕಡೆ ಕುರುಕ್ಷೇತ್ರ ನಾಟಕ ಅಂದರೆ ಹಾರ್ಮೋನಿಯಂ ಮೇಷ್ಟ್ರದ್ದೇ ದರ್ಬಾರು. ತಿಂಗಳುಗಟ್ಟಲೆ ಪಾತ್ರಧಾರಿಗಳಿಗೆ ಮಟ್ಟು ಕಲಿಸಿ, ನಾಟಕದ ರಾತ್ರಿ ಕಾಲಲ್ಲಿ ತಿದಿ ಒತ್ತುತ್ತ ಬೆಳಗಿನವರೆಗೆ ನುಡಿಸಬೇಕು. 1842ರಲ್ಲಿ ಪ್ಯಾರಿಸ್ಸಿನಲ್ಲಿ ದೆಬೈನ್ ಪೇಟೆಂಟ್ ಪಡೆದ ವಾದ್ಯವದು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಹೊರಗಿಟ್ಟಿತು; ಹಳ್ಳಿಯ ರಂಗ ಕ್ಯಾರೇ ಅನ್ನಲಿಲ್ಲ.

ಕ್ಯಾಸಿಯೊ ತನ್ನ ಮೊದಲ ಕೀಬೋರ್ಡ್ ತಂದದ್ದು 1980ರಲ್ಲಿ. ಮುಂದೆ ಯಮಹಾ ತಬಲಾ ದನಿ, ನಮ್ಮ ತಾಳಗಳನ್ನು ತುಂಬಿ ಭಾರತಕ್ಕೆಂದೇ ಪಿಎಸ್‌ಆರ್-ಐ ಮಾದರಿಗಳನ್ನು ಬಿಟ್ಟಿತು. ಎಡಗೈಯಲ್ಲಿ ಕಾರ್ಡ್ ಹಿಡಿದರೆ ಬೇಸ್, ಡ್ರಮ್ಸ್ ತಾವೇ ಹೊರಡುತ್ತವೆ. ಆರತಕ್ಷತೆಗೆ ಒಬ್ಬನೇ ಸಾಕು, ಸಂಭಾವನೆಯೂ ಒಬ್ಬನಿಗೇ!

ನಾಟಕದ ಪರೀಕ್ಷೆಯೇ ಬೇರೆ. ದುರ್ಯೋಧನನ ಶ್ರುತಿ ಕಪ್ಪು ಎರಡಾದರೆ ಕೃಷ್ಣನಿಗೆ ಬಿಳಿ ನಾಲ್ಕು ಬೇಕು. ಅಲ್ಲಿ ಟ್ರಾನ್ಸ್‌ಪೋಸ್ ಗುಂಡಿಯೇ ದೇವರು. ಆದರೆ ಶಿಳ್ಳೆ ಬಿತ್ತೆಂದು ಭೀಮ ಆಲಾಪ ಎಳೆದರೆ ಹಾರ್ಮೋನಿಯಂ ಕಾಯುತ್ತಿತ್ತು, ಯಂತ್ರದ ತಾಳ ಕಾಯುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ಹುಡುಕುವುದು ಸಿಂಕ್ರೊ ಸ್ಟಾಪ್: ಎಡಗೈ ಎತ್ತಿದೊಡನೆ ಹಿಮ್ಮೇಳ ನಿಲ್ಲಬೇಕು. ಆಮೇಲೆ ಗಮಕಕ್ಕೆ ಪಿಚ್ ಬೆಂಡ್ ಚಕ್ರ. ನೂರಾರು ದನಿಗಳ ಪಟ್ಟಿಯನ್ನು ಅಂಗಡಿಯವನೇ ಓದಿಕೊಳ್ಳಲಿ.