ಆಟಗಳಿಗಾಗಿ ಡೆಸ್ಕ್‌ಟಾಪ್ ಗಣಕಯಂತ್ರದ ಉನ್ನತೀಕರಣ

ಆಟಗಳಿಗಾಗಿ ಡೆಸ್ಕ್‌ಟಾಪ್ ಗಣಕಯಂತ್ರದ ಉನ್ನತೀಕರಣ ಎಂದರೆ, ಓದುಬರಹಕ್ಕೋ ಕಚೇರಿಯ ಕೆಲಸಕ್ಕೋ ಕೊಂಡ ಸಾಧಾರಣ ಬೆಲೆಯ ಗಣಕಯಂತ್ರದ ಕೆಲವು ಬಿಡಿಭಾಗಗಳನ್ನು ಬದಲಿಸಿ ಅಥವಾ ಹೊಸದಾಗಿ ಸೇರಿಸಿ, ಈಚಿನ ವೀಡಿಯೊ ಆಟಗಳನ್ನು ನಡೆಸುವ ಸಾಮರ್ಥ್ಯವನ್ನು ಅದಕ್ಕೆ ಒದಗಿಸುವುದು. ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಪ್ರೊಸೆಸರ್ ಮತ್ತು ಎಸ್‌ಎಂಪಿಎಸ್ ಇದರಲ್ಲಿ ಮುಖ್ಯವಾಗಿ ಬದಲಾಗುವ ಭಾಗಗಳು. ಬೆಂಗಳೂರಿನಲ್ಲಿ ಇಂತಹ ಬಿಡಿಭಾಗಗಳ ಪ್ರಮುಖ ಮಾರುಕಟ್ಟೆ ಹಳೆಯ ಪೇಟೆ ಪ್ರದೇಶದ ಸಾದರ ಪತ್ರಪ್ಪ ರಸ್ತೆ. ಜನಬಳಕೆಯಲ್ಲಿ ಇದು ಎಸ್.ಪಿ. ರಸ್ತೆ.

ಗಣಕಯಂತ್ರದ ಭಾಗಗಳು ಒಂದನ್ನೊಂದು ಅವಲಂಬಿಸಿರುವುದರಿಂದ, ಅವುಗಳಲ್ಲಿ ಅತ್ಯಂತ ದುರ್ಬಲವಾದುದೇ ಇಡೀ ಯಂತ್ರದ ವೇಗವನ್ನು ನಿರ್ಧರಿಸುತ್ತದೆ. ಆದ್ದರಿಂದ ಯಾವ ಭಾಗದಲ್ಲಿ ಕೊರತೆಯಿದೆ ಎಂಬುದನ್ನು ಮೊದಲು ಗುರುತಿಸಿ, ಅನಂತರ ಹಣ ತೊಡಗಿಸುವುದು ಸರಿಯಾದ ಕ್ರಮ.

ಹಿನ್ನೆಲೆ

ಡೆಸ್ಕ್‌ಟಾಪ್ ಗಣಕಯಂತ್ರದ ಭಾಗಗಳನ್ನು ಬೇರೆ ಬೇರೆ ತಯಾರಕರಿಂದ ಕೊಂಡು ಜೋಡಿಸಲು ಸಾಧ್ಯವಾಗಿರುವುದು ಸಮಾನ ಮಾನಕಗಳಿಂದ. ಮದರ್‌ಬೋರ್ಡ್, ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್‌ಗಳ ಅಳತೆಗಳನ್ನು ನಿಗದಿಗೊಳಿಸುವ ಎಟಿಎಕ್ಸ್ ಮಾನಕವನ್ನು ಇಂಟೆಲ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿತು. ಗ್ರಾಫಿಕ್ಸ್ ಕಾರ್ಡನ್ನು ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಮಾನಕವು 2003ರಲ್ಲಿ ಬಂದಿತು. ಭಾರತವು 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, ಗಣಕಯಂತ್ರ ಹಾಗೂ ಅದರ ಬಿಡಿಭಾಗಗಳ ಮೇಲಿನ ಸೀಮಾಸುಂಕವನ್ನು ಹಂತಹಂತವಾಗಿ ಇಳಿಸಿತು. ಅಂಗಡಿಯಲ್ಲಿ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಡುವ ‘ಅಸೆಂಬಲ್ಡ್’ ಗಣಕಗಳು ಮಧ್ಯಮ ವರ್ಗದ ಮನೆಗಳಿಗೆ ಎಟುಕುವಂತಾಗಲು ಇದೂ ಒಂದು ಕಾರಣ.

ಇಂತಹ ಮನೆಗಳಲ್ಲಿ ಒಂದೇ ಯಂತ್ರವು ಮಕ್ಕಳ ಪಾಠ, ಹಿರಿಯರ ಬ್ಯಾಂಕ್ ವ್ಯವಹಾರ, ಛಾಯಾಚಿತ್ರಗಳ ಸಂಗ್ರಹ ಮತ್ತು ಆಟ ಎಲ್ಲಕ್ಕೂ ಬಳಕೆಯಾಗುತ್ತದೆ. ತಪ್ಪು ಆಯ್ಕೆಯಿಂದ ಹಣ ನಷ್ಟವಾಗುವುದಷ್ಟೇ ಅಲ್ಲ, ಮನೆಯ ಏಕೈಕ ಗಣಕವೇ ಕೆಟ್ಟು ನಿಲ್ಲುವ ಸಂಭವವೂ ಇದೆ. ಬಿಚ್ಚುವ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿರಿಸುವುದು ಅಗತ್ಯ.

ಈಚಿನ ಆಟಗಳ ಬೇಡಿಕೆ

ಆಟಗಳ ತಯಾರಕರು ಕನಿಷ್ಠ ಅಗತ್ಯಗಳ ಪಟ್ಟಿಯನ್ನು ಪ್ರಕಟಿಸುತ್ತಾರೆ. ಈ ಬೇಡಿಕೆ ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದಿದೆ.

• ಗ್ರ್ಯಾಂಡ್ ಥೆಫ್ಟ್ ಆಟೋ 5 (ಗಣಕಯಂತ್ರಗಳಿಗೆ 2015): ಕನಿಷ್ಠ 4 ಜಿಬಿ ರ‍್ಯಾಮ್.
• ಸೈಬರ್‌ಪಂಕ್ 2077 (2020): ಬಿಡುಗಡೆಯಾದಾಗ ಕನಿಷ್ಠ 8 ಜಿಬಿ ರ‍್ಯಾಮ್. 2023ರ ಪರಿಷ್ಕರಣೆಯ ನಂತರ 12 ಜಿಬಿ ಮತ್ತು ಎಸ್‌ಎಸ್‌ಡಿ.
• ಬ್ಲ್ಯಾಕ್ ಮಿತ್: ವುಕಾಂಗ್ (2024): ಕನಿಷ್ಠ 16 ಜಿಬಿ ರ‍್ಯಾಮ್, 130 ಜಿಬಿ ಸಂಗ್ರಹ ಸ್ಥಳ.
• ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್ (2024): ಕಿರಣಾನುಸರಣೆಯನ್ನು (ರೇ ಟ್ರೇಸಿಂಗ್) ಯಂತ್ರಾಂಶದಲ್ಲೇ ನಡೆಸಬಲ್ಲ ಗ್ರಾಫಿಕ್ಸ್ ಕಾರ್ಡ್ ಕಡ್ಡಾಯ.

ಕೊನೆಯ ಉದಾಹರಣೆ ಗಮನಾರ್ಹವಾದುದು. ಮೊದಲಿನ ಆಟಗಳನ್ನು ಹಳೆಯ ಕಾರ್ಡಿನಲ್ಲಿ ನಿಧಾನವಾಗಿಯಾದರೂ ಆಡಬಹುದಿತ್ತು. ಇಂತಹ ಆಟಗಳಾದರೋ ತಕ್ಕ ಕಾರ್ಡ್ ಇಲ್ಲದಿದ್ದರೆ ಆರಂಭವಾಗುವುದೇ ಇಲ್ಲ. ಆದುದರಿಂದ ಆಡಬೇಕಾದ ಆಟ ಯಾವುದೆಂದು ನಿಶ್ಚಯಿಸಿಕೊಳ್ಳದೆ ಬಿಡಿಭಾಗವನ್ನು ಆರಿಸಲಾಗದು.

ಕೊರತೆಯನ್ನು ಗುರುತಿಸುವ ವಿಧಾನ

ಆಟದಲ್ಲಿ ಕಾಣುವ ಚಲನೆಯು ಬಿಡಿಬಿಡಿ ಚಿತ್ರಗಳ ಸರಣಿ. ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಪ್ರತಿ ಚಿತ್ರಕ್ಕೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು. ಈ ಅವಧಿಯಲ್ಲಿ ಪ್ರೊಸೆಸರ್ ದೃಶ್ಯದ ಲೆಕ್ಕಾಚಾರವನ್ನು ಮುಗಿಸಬೇಕು, ಗ್ರಾಫಿಕ್ಸ್ ಕಾರ್ಡ್ ಅದನ್ನು ಚಿತ್ರಿಸಬೇಕು. ಎರಡರಲ್ಲಿ ತಡವಾದುದು ಇನ್ನೊಂದನ್ನು ಕಾಯಿಸುತ್ತದೆ.

ಯಾವುದು ತಡವಾಗುತ್ತಿದೆ ಎಂಬುದನ್ನು ಖರ್ಚಿಲ್ಲದೆ ತಿಳಿಯಬಹುದು. ಆಟದ ಸಿದ್ಧತೆಗಳಲ್ಲಿ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿದರೆ, ಪ್ರತಿ ಚಿತ್ರದ ಬಿಂದುಗಳು 20,73,600ರಿಂದ 9,21,600ಕ್ಕೆ, ಅಂದರೆ ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತವೆ. ಆಗ ಚಿತ್ರಗಳ ವೇಗ ಎದ್ದುಕಾಣುವಂತೆ ಹೆಚ್ಚಿದರೆ ಕೊರತೆಯಿರುವುದು ಗ್ರಾಫಿಕ್ಸ್ ಭಾಗದಲ್ಲಿ. ವೇಗ ಇದ್ದಂತೆಯೇ ಉಳಿದರೆ ಪ್ರೊಸೆಸರ್ ಅಥವಾ ರ‍್ಯಾಮ್‌ನಲ್ಲಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಈ ಭಾಗಗಳ ಮೇಲಿನ ಹೊರೆಯನ್ನು ಶೇಕಡಾವಾರು ತೋರಿಸುತ್ತದೆ.

ಬಿಡಿಭಾಗಗಳು

ಎಸ್‌ಎಂಪಿಎಸ್

ಗೋಡೆಯ ಸಾಕೆಟ್ಟಿನ 230 ವೋಲ್ಟ್ ವಿದ್ಯುತ್ತನ್ನು ಗಣಕದ ಭಾಗಗಳಿಗೆ ತಕ್ಕಂತೆ ಪರಿವರ್ತಿಸುವ ಘಟಕವಿದು. ಅಗ್ಗದ ಗಣಕದಲ್ಲಿ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುವ ಭಾಗವೂ ಇದೇ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ 12 ವೋಲ್ಟಿನ ಸಾಲಿನಿಂದ ವಿದ್ಯುತ್ ಪಡೆಯುವುದರಿಂದ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಒಟ್ಟು ವ್ಯಾಟ್‌ಗಿಂತ ಆ ಸಾಲಿನ ಆಂಪಿಯರ್ ಸಂಖ್ಯೆ ಮುಖ್ಯ. 12 ವೋಲ್ಟಿಗೆ 16 ಆಂಪಿಯರ್ ಎಂದು ನಮೂದಾಗಿದ್ದರೆ ಆ ಸಾಲಿನಿಂದ ಸಿಗುವುದು 192 ವ್ಯಾಟ್ ಮಾತ್ರ, ಮೇಲೆ 450 ಎಂದು ಬರೆದಿದ್ದರೂ ಸಹ.

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಗರಿಷ್ಠ 75 ವ್ಯಾಟ್ ನೀಡುತ್ತದೆ. ಕೆಲವು ಕಿರಿದಾದ ಕಚೇರಿ ಗಣಕಗಳಲ್ಲಿ ಇದಕ್ಕಿಂತಲೂ ಕಡಿಮೆ. ಹೆಚ್ಚು ಬೇಡುವ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ 6 ಪಿನ್ನಿನ (75 ವ್ಯಾಟ್) ಅಥವಾ 8 ಪಿನ್ನಿನ (150 ವ್ಯಾಟ್) ತಂತಿ ಬೇಕಾಗುತ್ತದೆ. ಆ ತಂತಿ ಇಲ್ಲದ ಎಸ್‌ಎಂಪಿಎಸ್‌ಗೆ ಅಡಾಪ್ಟರ್ ಹಾಕಿ ಕೆಲಸ ಸಾಗಿಸಿದರೆ ತಂತಿ ಕಾದು ಕರಗುವ ಅಪಾಯವಿದೆ. ಕೆಲವು ಬ್ರ್ಯಾಂಡೆಡ್ ಕಚೇರಿ ಗಣಕಗಳು ಎಟಿಎಕ್ಸ್‌ನ 24 ಪಿನ್ನಿನ ಜೋಡಣೆಯ ಬದಲು ತಮ್ಮದೇ ಜೋಡಣೆಯನ್ನು ಬಳಸುವುದರಿಂದ ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ ಅವುಗಳಿಗೆ ನೇರವಾಗಿ ಹೊಂದುವುದಿಲ್ಲ.

ಮನೆಯ ಯುಪಿಎಸ್ ಕೂಡ ಲೆಕ್ಕಕ್ಕೆ ಬರಬೇಕು. ಸಾಮಾನ್ಯವಾದ 600 ವಿಎ ಯುಪಿಎಸ್ ಹೊರಬಲ್ಲ ಹೊರೆ ಸುಮಾರು 360 ವ್ಯಾಟ್. ವಿದ್ಯುತ್ ಹೋದಾಗ ಆಟವನ್ನು ನಿಲ್ಲಿಸಿ ಯಂತ್ರವನ್ನು ಕ್ರಮವಾಗಿ ಆರಿಸಲಷ್ಟೇ ಅದು ಸಾಕಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್

ಅಗ್ಗದ ಗಣಕಗಳಲ್ಲಿ ಚಿತ್ರಣದ ಕೆಲಸವನ್ನು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಘಟಕವೇ ಮಾಡುತ್ತದೆ. ಪ್ರತ್ಯೇಕ ಕಾರ್ಡ್ ಸೇರಿಸಿದಾಗ ಆಗುವ ಸುಧಾರಣೆ ಸಾಮಾನ್ಯವಾಗಿ ಉಳಿದೆಲ್ಲ ಬದಲಾವಣೆಗಳಿಗಿಂತ ದೊಡ್ಡದು. ಎಸ್‌ಎಂಪಿಎಸ್ ಬದಲಿಸಲಾಗದ ಯಂತ್ರಗಳಿಗೆ, ಪ್ರತ್ಯೇಕ ತಂತಿ ಬೇಡದೆ ಸ್ಲಾಟಿನ ವಿದ್ಯುತ್ತಿನಿಂದಲೇ ನಡೆಯುವ ಕಾರ್ಡುಗಳು ಒದಗುತ್ತವೆ. ಎನ್ವಿಡಿಯಾದ ಜಿಟಿಎಕ್ಸ್ 1650 (2019, 75 ವ್ಯಾಟ್) ಕಾರ್ಡಿನ ಕೆಲವು ಮಾದರಿಗಳು, ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ (2024, 70 ವ್ಯಾಟ್) ಮತ್ತು ಎಎಮ್‌ಡಿಯ ಆರ್‌ಎಕ್ಸ್ 6400 (2022, 53 ವ್ಯಾಟ್) ಈ ಬಗೆಯವು. ಇವುಗಳಲ್ಲಿ ಆರ್‌ಎಕ್ಸ್ 6400 ಕಾರ್ಡಿಗೆ ದತ್ತಾಂಶದ ಪಥಗಳು ನಾಲ್ಕೇ ಇರುವುದರಿಂದ, ಪಿಸಿಐ ಎಕ್ಸ್‌ಪ್ರೆಸ್ 3.0 ಸ್ಲಾಟುಳ್ಳ ಹಳೆಯ ಮದರ್‌ಬೋರ್ಡಿನಲ್ಲಿ ಅದು ತನ್ನ ಪೂರ್ಣ ಸಾಮರ್ಥ್ಯವನ್ನು ತೋರಿಸದು.

ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಒಳಗಿನ ಉದ್ದ ಮತ್ತು ಎತ್ತರವನ್ನು ಅಳೆಯಬೇಕು. ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ತಂತಿಯನ್ನು ಮದರ್‌ಬೋರ್ಡಿನಿಂದ ತೆಗೆದು ಕಾರ್ಡಿಗೆ ಸಿಕ್ಕಿಸಬೇಕು. ಇದನ್ನು ಮರೆತು, ಹೊಸ ಕಾರ್ಡಿನಿಂದ ಏನೂ ಪ್ರಯೋಜನವಾಗಲಿಲ್ಲವೆಂದು ಭಾವಿಸುವವರು ಕಡಿಮೆಯಿಲ್ಲ.

ರ‍್ಯಾಮ್

ಡಿಡಿಆರ್3, ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳು ಪರಸ್ಪರ ಹೊಂದುವುದಿಲ್ಲ. ಅವುಗಳ ಕಚ್ಚುಗಳ ಸ್ಥಾನವೇ ಬೇರೆ. 16 ಜಿಬಿ ಬೇಕಿದ್ದಾಗ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿದರೆ ಪ್ರೊಸೆಸರ್ ಎರಡು ಮಾರ್ಗಗಳಿಂದ ಏಕಕಾಲಕ್ಕೆ ಮಾಹಿತಿ ಪಡೆಯುತ್ತದೆ. ಒಳಗಿನ ಗ್ರಾಫಿಕ್ಸ್ ಘಟಕವನ್ನೇ ಅವಲಂಬಿಸಿರುವ ಗಣಕದಲ್ಲಿ ಇದರ ಪರಿಣಾಮ ವಿಶೇಷವಾಗಿ ಕಾಣುತ್ತದೆ. ಆ ಘಟಕಕ್ಕೆ ಸ್ವಂತ ಸ್ಮೃತಿಯಿಲ್ಲದೆ ಅದು ರ‍್ಯಾಮ್‌ನ್ನೇ ಹಂಚಿಕೊಳ್ಳುವುದು ಇದಕ್ಕೆ ಕಾರಣ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು.

ಎಸ್‌ಎಸ್‌ಡಿ

ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಚಿತ್ರಗಳ ವೇಗ ಹೆಚ್ಚುವುದಿಲ್ಲ. ಆದರೆ ಆಟ ತೆರೆದುಕೊಳ್ಳುವ ಕಾಲ ಕಡಿಮೆಯಾಗುತ್ತದೆ, ನಡುವೆ ತಡವರಿಸುವುದು ತಗ್ಗುತ್ತದೆ. ಹಳೆಯ ಮದರ್‌ಬೋರ್ಡಿನ ಸಾಟಾ ಜೋಡಣೆಗೂ ಇದು ಹೊಂದುತ್ತದೆ. ಆಟವಾಡದ ಮನೆಮಂದಿಗೂ ಪ್ರತಿದಿನ ಪ್ರಯೋಜನ ನೀಡುವ ಬದಲಾವಣೆ ಇದೊಂದೇ ಎನ್ನಬಹುದು.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಪ್ರೊಸೆಸರ್ ಬದಲಾವಣೆಗೆ ಮದರ್‌ಬೋರ್ಡಿನ ಸಾಕೆಟ್ ಎಲ್ಲೆ ಹಾಕುತ್ತದೆ. ಎಎಮ್‌ಡಿಯ ಎಎಮ್4 ಸಾಕೆಟ್ಟಿನ ಅನೇಕ ಹಳೆಯ ಮದರ್‌ಬೋರ್ಡುಗಳು ಬಯಾಸ್ ಪರಿಷ್ಕರಣೆಯ ನಂತರ ರೈಜೆನ್ 5000 ಸರಣಿಯ ಪ್ರೊಸೆಸರ್‌ಗಳನ್ನು ಸ್ವೀಕರಿಸುತ್ತವೆ. ಇಂಟೆಲ್‌ನಲ್ಲಿ ಸಾಕೆಟ್ಟಿನ ಹೆಸರು ಒಂದೇ ಆದರೂ ಹೊಂದಿಕೆ ಖಚಿತವಲ್ಲ. 6 ಮತ್ತು 7ನೇ ಪೀಳಿಗೆಯ ಪ್ರೊಸೆಸರ್‌ಗಳ ಎಲ್‌ಜಿಎ 1151 ಮದರ್‌ಬೋರ್ಡುಗಳಿಗೆ, ಅದೇ ಹೆಸರಿನ ಸಾಕೆಟ್ಟಿನ 8ನೇ ಪೀಳಿಗೆಯ ಪ್ರೊಸೆಸರ್ ಅಧಿಕೃತವಾಗಿ ಹೊಂದುವುದಿಲ್ಲ.

ಕಾರ್ಯನಿರ್ವಹಣಾ ವ್ಯವಸ್ಥೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ 8ನೇ ಪೀಳಿಗೆ ಮತ್ತು ಅನಂತರದವುಗಳಿಗೆ ಮಾತ್ರ ಅಧಿಕೃತ ಮನ್ನಣೆಯಿದೆ. ಹೀಗಾಗಿ 2013ರ 4ನೇ ಪೀಳಿಗೆಯ ಗಣಕಕ್ಕೆ ಒಳ್ಳೆಯ ಕಾರ್ಡ್ ಹಾಕಿದರೂ ಕೆಲವು ಸ್ಪರ್ಧಾತ್ಮಕ ಆಟಗಳು ತೆರೆದುಕೊಳ್ಳದಿರಬಹುದು. ಉದಾಹರಣೆಗೆ, ವ್ಯಾಲರಂಟ್ ಆಟವು ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡನ್ನೂ ಅಪೇಕ್ಷಿಸುತ್ತದೆ. ಲಿನಕ್ಸ್‌ನಲ್ಲಿ ವಿಂಡೋಸ್ ಆಟಗಳನ್ನು ನಡೆಸುವ ಪ್ರೋಟಾನ್ ತಂತ್ರಾಂಶವನ್ನು ವಾಲ್ವ್ ಸಂಸ್ಥೆಯು 2018ರಲ್ಲಿ ಬಿಡುಗಡೆ ಮಾಡಿತು. ಹಳೆಯ ಗಣಕಗಳಿಗೆ ಇದೊಂದು ಪರ್ಯಾಯ. ಆದರೆ ಮೋಸತಡೆ ತಂತ್ರಾಂಶವುಳ್ಳ ಹಲವು ಆಟಗಳು ಅಲ್ಲಿ ನಡೆಯುವುದಿಲ್ಲ.

ಬೆಂಗಳೂರಿನ ಮಾರುಕಟ್ಟೆ

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಯಲ್ಲಿ ಒಂದೊಂದು ಬೀದಿಗೆ ಒಂದೊಂದು ವ್ಯಾಪಾರ ನೆಲೆಗೊಂಡಿತು. ಧಾನ್ಯದ ಸಗಟು ವ್ಯಾಪಾರಕ್ಕೆ ತರಗುಪೇಟೆ, ಬಟ್ಟೆಗೆ ಚಿಕ್ಕಪೇಟೆ ಹೆಸರಾಗಿವೆ. ತರಗುಪೇಟೆಯಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ದಾಟಿ ಪುರಭವನದ ಕಡೆಗೆ ನಡೆದರೆ ಸಿಗುವ ಎಸ್.ಪಿ. ರಸ್ತೆಯು ಇದೇ ಪದ್ಧತಿಯನ್ನು ಎಲೆಕ್ಟ್ರಾನಿಕ್ಸ್ ಮತ್ತು ಗಣಕಯಂತ್ರಗಳ ವ್ಯಾಪಾರದಲ್ಲಿ ಮುಂದುವರಿಸಿದೆ. 2017ರಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಗಳು ತೆರೆದ ಮೇಲೆ ಬಸವನಗುಡಿ, ಮಲ್ಲೇಶ್ವರ ಭಾಗದವರಿಗೆ ಇಲ್ಲಿಗೆ ಬರುವುದು ಸುಲಭವಾಗಿದೆ.

ಕಂಪನಿಗಳು ಬಳಸಿ ಬಿಟ್ಟ ಕಚೇರಿ ಗಣಕಗಳೂ ಇಲ್ಲಿ ‘ರಿಫರ್ಬಿಷ್ಡ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಬಳಸಿದ ಗ್ರಾಫಿಕ್ಸ್ ಕಾರ್ಡುಗಳ ವಿಷಯದಲ್ಲಿ ಎಚ್ಚರ ಅಗತ್ಯ. ಈಥೀರಿಯಮ್ ಎಂಬ ಗುಪ್ತನಾಣ್ಯದ ಗಣಿಗಾರಿಕೆಯು 2022ರ ಸೆಪ್ಟೆಂಬರ್ 15ರಂದು ಕೊನೆಗೊಂಡಾಗ, ಹಗಲಿರುಳು ದುಡಿದಿದ್ದ ಕಾರ್ಡುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. ಹಳೆಯ ಕಾರ್ಡಿನ ಬಯಾಸ್ ತಿದ್ದಿ ಹೊಸ ಮಾದರಿಯ ಹೆಸರು ಕಾಣುವಂತೆ ಮಾಡಿದ ನಕಲಿಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಇಂತಹ ಹಲವನ್ನು ಪತ್ತೆಹಚ್ಚುತ್ತದೆ.

ಕೊಳ್ಳುವವರು ಗಮನಿಸಬೇಕಾದ ಅಂಶಗಳು:

• ಮದರ್‌ಬೋರ್ಡಿನ ಮಾದರಿ, ಎಸ್‌ಎಂಪಿಎಸ್‌ನ ಚೀಟಿ ಮತ್ತು ಕ್ಯಾಬಿನೆಟ್ಟಿನ ಒಳಭಾಗದ ಛಾಯಾಚಿತ್ರಗಳನ್ನು ಜೊತೆಯಲ್ಲಿ ಒಯ್ಯುವುದು.
• ಬಳಸಿದ ಕಾರ್ಡನ್ನು ಅಂಗಡಿಯಲ್ಲೇ ಕೆಲಕಾಲ ಆಟ ನಡೆಸಿ, ಅದರ ಉಷ್ಣಾಂಶ ನೋಡಿ ಕೊಳ್ಳುವುದು.
• ಸರಣಿ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯುವುದು. ಬಿಲ್ಲಿಲ್ಲದೆ ಉಳಿಸಿದ ಶೇ. 18ರಷ್ಟು ತೆರಿಗೆ, ವಾರಂಟಿ ಕೇಳುವ ದಿನ ಕೈಕೊಡುತ್ತದೆ.
• ವಾರಂಟಿಯನ್ನು ನಿರ್ವಹಿಸುವವರು ತಯಾರಕರೋ ಅಂಗಡಿಯವರೋ ಎಂಬುದನ್ನು ಮೊದಲೇ ಕೇಳಿ ತಿಳಿಯುವುದು.

ಹಳೆಯ ಬಿಡಿಭಾಗಗಳ ವಿಲೇವಾರಿ

ಕಳಚಿದ ಭಾಗಗಳು ವಿದ್ಯುನ್ಮಾನ ತ್ಯಾಜ್ಯದ ವರ್ಗಕ್ಕೆ ಸೇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಪ್ರಕಾರ ಇವುಗಳ ಮರುಬಳಕೆ ಕಾರ್ಯವನ್ನು ನೋಂದಾಯಿತ ಘಟಕಗಳು ಮಾತ್ರ ನಡೆಸಬೇಕು. ಹಳೆಯ ಡಿಸ್ಕನ್ನು ಮಾರುವ ಅಥವಾ ಕೊಡುವ ಮೊದಲು ಅದರಲ್ಲಿರುವ ಖಾಸಗಿ ಮಾಹಿತಿಯನ್ನು ಸಂಪೂರ್ಣವಾಗಿ ಅಳಿಸಬೇಕು.

ಮಿತಿಗಳು

ಎಸ್‌ಎಂಪಿಎಸ್, ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಮೂರನ್ನೂ ಬದಲಿಸಬೇಕಾಗಿ ಬಂದಾಗ ಅದು ಉನ್ನತೀಕರಣವೆನಿಸದೆ ಹೊಸ ಗಣಕದ ಖರೀದಿಯೇ ಆಗುತ್ತದೆ. ಅಂತಹ ಸಂದರ್ಭದಲ್ಲಿ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಮಾತ್ರ ಹಾಕಿ ಮನೆಯ ಕೆಲಸಕ್ಕೆ ಉಳಿಸಿಕೊಂಡು, ಆಟಕ್ಕಾಗಿ ಬೇರೆ ಯಂತ್ರಕ್ಕೆ ಹಣ ಕೂಡಿಡುವುದು ಮಿತವ್ಯಯದ ಮಾರ್ಗ. ಚಿತ್ರದ ಅಳತೆಯನ್ನು ತಗ್ಗಿಸುವುದು, ನೆರಳು ಮತ್ತು ಪ್ರತಿಫಲನಗಳ ಗುಣಮಟ್ಟವನ್ನು ಇಳಿಸುವುದು, ಚಿಕ್ಕ ಅಳತೆಯ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎಎಮ್‌ಡಿಯ ಎಫ್‌ಎಸ್‌ಆರ್ (2021) ತಂತ್ರವನ್ನು ಬಳಸುವುದು ಇವೇ ಮೊದಲಾದ ಖರ್ಚಿಲ್ಲದ ಉಪಾಯಗಳಿಂದಲೂ ಹಲವು ಆಟಗಳು ಆಡುವ ಮಟ್ಟಕ್ಕೆ ಬರುತ್ತವೆ.