ಅಂಗಾತವೋ ಬೋರಲೋ: ಕೂಸಿನ ಪುಸ್ತಕಗಳ ನೂರು ವರ್ಷ

1914ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ 'ಇನ್‌ಫೆಂಟ್ ಕೇರ್' ಎಂಬ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ, ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಕಳಿಸತೊಡಗಿತು. ಹುಟ್ಟಿದ ದಿನದಿಂದ ವರ್ಷ ತುಂಬುವವರೆಗೆ ಕೂಸನ್ನು ಹೇಗೆ ನೋಡಿಕೊಳ್ಳಬೇಕೆಂಬುದು ಅದರ ವಿಷಯ. ಬರೆದ ಮೇರಿ ಮಿಲ್ಸ್ ವೆಸ್ಟ್ ವೈದ್ಯೆಯಲ್ಲ. ಗಂಡನನ್ನು ಕಳೆದುಕೊಂಡಿದ್ದ, ಐದು ಮಕ್ಕಳ ತಾಯಿ. ಏಳೆಂಟು ವರ್ಷಗಳಲ್ಲಿ ಸುಮಾರು 15 ಲಕ್ಷ ಪ್ರತಿಗಳು ಊರೂರಿಗೆ ಹೋದವು. ಸಂಜೆ ಎಷ್ಟಕ್ಕೆ ಹಾಲು ಕೊಡಲಿ, ಭೇದಿಯಾದರೆ ಏನು ಮಾಡಲಿ ಎಂದು ಕೇಳುವ ತಾಯಂದಿರ ಪತ್ರಗಳು ಸರ್ಕಾರದ ಮಕ್ಕಳ ಇಲಾಖೆಗೆ ಹೊಳೆಯಂತೆ ಹರಿದುಬಂದವು. ಮೊದಲ ವರ್ಷದ ಕೈಪಿಡಿ ಮನೆಮನೆಯ ವಸ್ತುವಾದದ್ದು ಹೀಗೆ. ಆಮೇಲಿನ ನೂರು ವರ್ಷದಲ್ಲಿ ಇಂಥ ಪುಸ್ತಕಗಳು ಎಲ್ಲಿ ನೆರವಾದವು, ಎಲ್ಲಿ ಕೆಡುಕು ಮಾಡಿದವು ಎಂದು ನೋಡುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಾಯಂದಿರ ಬಳಿ ಹೋಗಿ ಕೇಳಿ, ಎಣಿಸಿ ನೋಡಿದ ಕಡೆ ಅವು ನಂಬಿಕೆಗೆ ಯೋಗ್ಯವಾಗಿದ್ದವು. ಎಣಿಸದೆ, ಬರೀ ಗಟ್ಟಿ ದನಿಯಲ್ಲಿ ಅಪ್ಪಣೆ ಕೊಡಿಸಿದ ಕಡೆ ದಾರಿ ತಪ್ಪಿದವು.

ಎಣಿಕೆಯ ಮಾತನ್ನೇ ಮೊದಲು ನೋಡೋಣ. 1912ರಲ್ಲಿ ಹುಟ್ಟಿದ ಆ ಮಕ್ಕಳ ಇಲಾಖೆಯ ಮುಖ್ಯಸ್ಥೆ ಜೂಲಿಯಾ ಲೇಥ್ರಾಪ್. ಕೂಸುಗಳು ಏಕೆ ಸಾಯುತ್ತವೆಂದು ತಿಳಿಯಲು ಅವರು 1913ರಲ್ಲಿ ತಮ್ಮ ಸಿಬ್ಬಂದಿಯನ್ನು ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಎಂಬ ಉಕ್ಕಿನ ಊರಿಗೆ ಕಳಿಸಿದರು. ಮನೆಮನೆಗೆ ಹೋಗಿ, ತಾಯಂದಿರ ಜೊತೆ ಕುಳಿತು ವಿಚಾರಿಸಿದಾಗ, ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 134 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಹೋಗಿದ್ದವೆಂದು ತಿಳಿಯಿತು. ಅತಿ ಕಡಿಮೆ ಕೂಲಿಯ ತಂದೆಯರ ಮನೆಗಳಲ್ಲಿ ಸಾವಿನ ಪ್ರಮಾಣ ಅನುಕೂಲಸ್ಥರ ಮನೆಗಳಿಗಿಂತ ಸುಮಾರು ಮೂರು ಪಟ್ಟು ಇತ್ತು. ತಾಯಿಯ ಅಜ್ಞಾನವೇ ಕಾರಣ ಎಂದು ಸುಲಭವಾಗಿ ಹೇಳುತ್ತಿದ್ದ ಕಾಲದಲ್ಲಿ ಈ ಅಂಕಿಗಳು ಕೂಲಿಯ ಕಡೆಗೆ, ಕೊಳಚೆಯ ಕಡೆಗೆ ಬೆರಳು ತೋರಿಸಿದವು. ಎದೆಹಾಲು ಕುಡಿಸಿ, ಬೇರೆ ಹಾಲಾದರೆ ಶುಚಿಯಾಗಿಡಿ ಎಂದು ಕೈಪಿಡಿಗಳು ಹೇಳಿದ ಮಾತಿಗೆ ಇಂಥ ಲೆಕ್ಕಗಳ ಆಧಾರವಿತ್ತು. ಅದು ಇವತ್ತಿಗೂ ನಿಂತಿದೆ.

ಆದರೆ ಅದೇ ಪುಸ್ತಿಕೆ, ಅದೇ ದನಿಯಲ್ಲಿ, ಕೂಸಿನ ಜೊತೆ ಆಟವಾಡಬೇಡಿ ಎಂದೂ ಹೇಳಿತ್ತು. ಅತ್ತಾಗಲೆಲ್ಲ ಎತ್ತಿಕೊಂಡರೆ ಮಗು ಮನೆಯನ್ನೇ ಆಳುತ್ತದೆ, ಬೆರಳು ಚೀಪುವ ಚಾಳಿ ಬಿಡಿಸಬೇಕು, ಮೂರು ತಿಂಗಳಿಗೇ ಕಕ್ಕಸಿನ ಅಭ್ಯಾಸ ಶುರುವಾಗಬೇಕು! ಇದಕ್ಕೆ ಯಾವ ಊರಿನ ಲೆಕ್ಕವೂ ಇರಲಿಲ್ಲ. ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯ ವೈದ್ಯ ಎಮೆಟ್ ಹೋಲ್ಟ್ 1894ರಲ್ಲಿ ಬರೆದ ಪುಸ್ತಕದಿಂದ ಈ ಕಟ್ಟುನಿಟ್ಟು ಹರಡಿತ್ತು. ದಾದಿಯರಿಗೆ ಪಾಠ ಹೇಳಲೆಂದು ಹುಟ್ಟಿದ ಆ ಪುಸ್ತಕ ಪ್ರಶ್ನೆ-ಉತ್ತರದ ರೂಪದಲ್ಲಿತ್ತು. ಬಾಯಿಪಾಠ ಮಾಡುವುದಕ್ಕೆ ಆ ರೂಪ ಒಳ್ಳೆಯದೇ. ಆದರೆ ಮರುಪ್ರಶ್ನೆ ಹಾಕಲು ಅದರಲ್ಲಿ ಜಾಗವಿಲ್ಲ. 1928ರಲ್ಲಿ ಮನೋವಿಜ್ಞಾನಿ ಜಾನ್ ವಾಟ್ಸನ್ ಇನ್ನೂ ಮುಂದೆ ಹೋಗಿ, ಮಕ್ಕಳನ್ನು ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದ. ಅಂಥ ಪುಸ್ತಕ ಬರೆಯುವಷ್ಟು ತನಗೆ ತಿಳಿದಿರಲಿಲ್ಲವೆಂದು ಕೆಲವು ವರ್ಷಗಳ ನಂತರ ಅವನೇ ಒಪ್ಪಿಕೊಂಡ. ಅಷ್ಟರಲ್ಲಿ ಅದನ್ನು ನಂಬಿದ ತಾಯಂದಿರು ಅಳುವ ಕೂಸಿನ ಪಕ್ಕದ ಕೋಣೆಯಲ್ಲಿ ಗಡಿಯಾರ ನೋಡುತ್ತ ಕೂತದ್ದಾಗಿತ್ತು.

'ಇನ್‌ಫೆಂಟ್ ಕೇರ್' ಮುಂದೆ ಮತ್ತೆ ಮತ್ತೆ ಪರಿಷ್ಕಾರಗೊಂಡಿತು. 1951ರಲ್ಲಿ ಮಾರ್ಥಾ ವುಲ್ಫೆನ್‌ಸ್ಟೈನ್ ಎಂಬ ಸಂಶೋಧಕಿ ಅದರ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ಓದಿದರು. ಮೊದಲು ಅಪಾಯವಾಗಿದ್ದ ಬೆರಳು ಚೀಪುವುದು 1940ರ ದಶಕದಲ್ಲಿ ನಿರುಪದ್ರವಿಯಾಗಿತ್ತು; ಮೊದಲು ನಿಷಿದ್ಧವಾಗಿದ್ದ ಆಟ ಆಮೇಲೆ ತಾಯಿಯ ಕರ್ತವ್ಯವೇ ಆಗಿತ್ತು. ವಿಜ್ಞಾನ ಬೆಳೆದಂತೆ ಸಲಹೆ ಬದಲಾಗುವುದು ಸಹಜವಲ್ಲವೇ ಎಂದು ಕೇಳಬಹುದು. ಬದಲಾಗಲೇಬೇಕು, ನಿಜ. ಆದರೆ ಈ ತಿರುವಿಗೆ ಕಾರಣ ಹೊಸ ಲೆಕ್ಕವಲ್ಲ. ಮಗುವಿನ ಸ್ವಭಾವದ ಬಗ್ಗೆ ಕಾಲದ ಕಲ್ಪನೆ ಬದಲಾಗಿತ್ತು, ಅಷ್ಟೇ. ಹಳೆಯ ಮಾತಿನಷ್ಟೇ ಖಚಿತವಾಗಿ ಹೊಸ ಮಾತನ್ನೂ ಹೇಳಲಾಯಿತು.

ಈ ದನಿಯ ಬೆಲೆ ಎಷ್ಟೆಂದು ತಿಳಿಯಲು ಬೆಂಜಮಿನ್ ಸ್ಪಾಕ್ ಅವರ ಪುಸ್ತಕವನ್ನು ನೋಡಬೇಕು. 1946ರಲ್ಲಿ 25 ಸೆಂಟಿಗೆ ಸಿಗುತ್ತಿದ್ದ ಆ ಪುಸ್ತಕ, 1998ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸುಮಾರು 5 ಕೋಟಿ ಪ್ರತಿ ಖರ್ಚಾಗಿತ್ತು. ತಾಯಂದಿರೇ, ನಿಮ್ಮ ತಿಳಿವಳಿಕೆಯನ್ನು ನಂಬಿ ಎಂದು ಧೈರ್ಯ ತುಂಬಿದ ಸಹೃದಯ ವೈದ್ಯ ಅವರು. ಅವರೇ 1950ರ ದಶಕದ ಪರಿಷ್ಕರಣೆಯಲ್ಲಿ, ಕೂಸನ್ನು ಅಂಗಾತ ಮಲಗಿಸಿದರೆ ವಾಂತಿಯಾದಾಗ ಉಸಿರು ಕಟ್ಟೀತು, ಬೋರಲು ಮಲಗಿಸುವುದೇ ಮೇಲು ಎಂದು ಬರೆದರು. ಕೇಳಲು ಎಷ್ಟು ಸರಿಯಾದ ತರ್ಕ! ಆದರೆ ತೊಟ್ಟಿಲಲ್ಲೇ ಕಾರಣ ತಿಳಿಯದೆ ಸಾಯುತ್ತಿದ್ದ ಕೂಸುಗಳಲ್ಲಿ ಬೋರಲು ಮಲಗಿದವೇ ಹೆಚ್ಚು ಎಂಬ ಅಂಕಿಅಂಶ ಒಂದೊಂದಾಗಿ ಹೊರಬರುತ್ತಿತ್ತು. ಅಂಗಾತ ಮಲಗಿಸುವುದೇ ರೂಢಿಯಾಗಿದ್ದ ಹಾಂಗ್‌ಕಾಂಗಿನಲ್ಲಿ ಇಂಥ ಸಾವು ಅಪರೂಪ ಎಂದು 1985ರಲ್ಲಿ ವೈದ್ಯರೊಬ್ಬರು ಗಮನ ಸೆಳೆದರು. 1991ರಲ್ಲಿ ಬ್ರಿಟನ್, 1994ರಲ್ಲಿ ಅಮೆರಿಕ ಅಂಗಾತ ಮಲಗಿಸುವ ಪ್ರಚಾರಕ್ಕಿಳಿದ ಮೇಲೆ ಆ ಸಾವುಗಳು ಅರ್ಧಕ್ಕರ್ಧ ಇಳಿದವು. ಇದ್ದ ಅಧ್ಯಯನಗಳನ್ನು 1970ರಲ್ಲೇ ಒಟ್ಟುಮಾಡಿ ನೋಡಿದ್ದರೆ ಅಪಾಯ ಕಾಣುತ್ತಿತ್ತು, ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪು, ಅಮೆರಿಕ, ಆಸ್ಟ್ರೇಲಿಯಾ ಕಡೆ ಸೇರಿ ಕನಿಷ್ಠ 50,000 ಕೂಸುಗಳು ಉಳಿಯಬಹುದಿತ್ತು ಎಂದು 2005ರ ಸಂಶೋಧನೆಯೊಂದು ಅಂದಾಜು ಮಾಡಿತು. ತಪ್ಪು ಸ್ಪಾಕ್ ಒಬ್ಬರದೇ ಅಲ್ಲ, ಬಹುಪಾಲು ವೈದ್ಯರು ಅದನ್ನೇ ಹೇಳುತ್ತಿದ್ದರು. ಆದರೆ ಅವರ ಪುಸ್ತಕದಷ್ಟು ತೊಟ್ಟಿಲುಗಳನ್ನು ಮುಟ್ಟಿದ್ದು ಬೇರೊಂದಿಲ್ಲ.

ಹಾಗಿದ್ದರೆ ಪುಸ್ತಕ ಬಿಟ್ಟು ಅಜ್ಜಿಯ ಮಾತನ್ನೇ ಕೇಳಬಹುದಿತ್ತಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂಗಾತ ಮಲಗಿಸುವ ರೂಢಿ ಕೂಸನ್ನು ಕಾಪಾಡಿತು ನಿಜ. ಆದರೆ ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿ, ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ನೆಕ್ಕಿಸಿದ್ದೂ ರೂಢಿಯೇ. ಹೊಟ್ಟೆನೋವಿಗೆ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕಿಸಿದ್ದೂ ರೂಢಿಯೇ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ 'ತಾಯಿ-ಮಗು' ಬರೆದದ್ದರಿಂದ, ಹೇಳಿಕೊಳ್ಳಲು ನಾಚುತ್ತಿದ್ದ ಎಷ್ಟೋ ಕನ್ನಡದ ಹೆಣ್ಣುಮಕ್ಕಳಿಗೆ ತಮ್ಮದೇ ಭಾಷೆಯಲ್ಲಿ ವೈದ್ಯರ ಮಾತು ಸಿಕ್ಕಿತು. ಅದು ಸಣ್ಣ ಉಪಕಾರವಲ್ಲ. ಇನ್ನು ಅಮೆರಿಕದಲ್ಲಿ 1915ರಲ್ಲಿ ಸಾವಿರಕ್ಕೆ ಸುಮಾರು 100 ಇದ್ದ ಶಿಶುಮರಣ ಶತಮಾನದ ಕೊನೆಗೆ 7ರ ಆಸುಪಾಸಿಗೆ ಇಳಿದದ್ದು ಪುಸ್ತಕಗಳಿಂದ ಎನ್ನುವವರೂ ಇದ್ದಾರೆ. ಶುದ್ಧ ನೀರು, ಚರಂಡಿ, ಪಾಶ್ಚರೀಕರಿಸಿದ ಹಾಲು, ಲಸಿಕೆ, ಆ್ಯಂಟಿಬಯಾಟಿಕ್ ಇವುಗಳ ಪಾಲೇ ಅದರಲ್ಲಿ ಹೆಚ್ಚು. ಪುಸ್ತಕದ ಪಾಲೂ ಇತ್ತು, ಆದರೆ ಹಾಲು ಕಾಯಿಸಿ ಕೊಡಿ ಎಂಬ ಪುಟದ್ದು, ಮುದ್ದಿಸಬೇಡಿ ಎಂಬ ಪುಟದ್ದಲ್ಲ.

ಇದೆಲ್ಲ ಪರದೇಶದ ಹಳೆಯ ಕಥೆ ಎಂದು ಬಿಡುವಂತಿಲ್ಲ. ಮೊದಲು ನಾಲ್ಕರಿಂದ ಆರು ತಿಂಗಳೊಳಗೆ ಬೇರೆ ಆಹಾರ ಶುರುಮಾಡಬಹುದು ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ, 2001ರಿಂದ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಎಂದು ತಿದ್ದಿಕೊಂಡಿತು. ಅದಕ್ಕೂ ಮುಂಚೆ ಬರೆದ ಪುಸ್ತಕ ನಾಲ್ಕನೇ ತಿಂಗಳಿಗೇ ರಾಗಿ ಸರಿ ತಿನ್ನಿಸಿ ಎಂದಿದ್ದರೆ, ಆ ಸಾಲು ಬಾಣಂತಿಯ ಕೈಗೆ ಇವತ್ತೂ ಸಿಗಬಹುದು. ಕನ್ನಡದ ಪ್ರಕಾಶಕರಲ್ಲಿ ಒಂದು ಕೋರಿಕೆ: ಶಿಶುಪಾಲನೆಯ ಹಳೆಯ ಪುಸ್ತಕವನ್ನು ಮರುಮುದ್ರಿಸುವಾಗ ಮಕ್ಕಳ ವೈದ್ಯರೊಬ್ಬರಿಂದ ಓದಿಸಿ, ಯಾವ ವರ್ಷ ಯಾವ ಸಲಹೆ ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ಮೊದಲ ಪುಟದಲ್ಲೇ ಅಚ್ಚು ಹಾಕಿ.